ಗಂಜಿ ಕಾಯಿಸಿದವನ ವೀರಗಲ್ಲು

ವರದಾ ನದಿಯ ದಂಡೆಯಲ್ಲಿ ನಾಗೋಜರೆಂಬ ಶಿಲ್ಪಿಗಳಿದ್ದರು. ಅವರು ಕೆತ್ತಿದ ಹಸುವಿನ ಕೆಳಗೆ ಜನ ಚೊಂಬು ಹಿಡಿದು ಕೂರುತ್ತಿದ್ದರು. ಸುಳ್ಳಲ್ಲ, ನಮ್ಮ ಮುತ್ತಜ್ಜನ ಮುತ್ತಜ್ಜ ಅರ್ಧ ಚೊಂಬು ಹಾಲು ಕರೆದೇ ತಂದಿದ್ದನಂತೆ.

ಅವರ ಶಿಷ್ಯ ಬೈಚ ಇನ್ನೂ ಜೋರು. ಅರಸನ ಕುದುರೆಯನ್ನು ನೋಡಿ ಅವನು ಕೆತ್ತಿದ ಕಲ್ಲುಕುದುರೆ ಹುಲ್ಲು ಮುಟ್ಟಲಿಲ್ಲವೆಂದು ಲಾಯದವರು ವೈದ್ಯನನ್ನು ಕರೆಸಿದ್ದರು.

ಆ ವರ್ಷ ಅರಸ ಯುದ್ಧ ಗೆದ್ದ. ಸತ್ತ ವೀರರಿಗೆಲ್ಲ ಊರಬಾಗಿಲಲ್ಲಿ ಕಲ್ಲು ನಿಲ್ಲಿಸಲು ಅಪ್ಪಣೆಯಾಯಿತು.

ಬಸುರಿ ಹೆಂಗಸೊಬ್ಬಳು ಬೈಚನ ಬಳಿ ಬಂದಳು.

"ಅಣ್ಣಾ, ನಮ್ಮವರೂ ದಂಡಿನಲ್ಲಿದ್ದರು. ಕಲ್ಲಿನ ಮೂಲೆಯಲ್ಲಾದರೂ ಕೆತ್ತು. ಹುಟ್ಟುವ ಕೂಸಿಗೆ ಅಪ್ಪನ ಮುಖ ತೋರಿಸಬೇಕು."

"ಕೈಯಲ್ಲಿ ಏನು ಹಿಡಿದಿದ್ದ?"

"ಸೌಟು. ದಂಡಿಗೆ ಗಂಜಿ ಕಾಯಿಸುತ್ತಿದ್ದರು. ಬಾಣ ಒಲೆಯ ತನಕ ಬಂತು."

ಬೈಚ ನಕ್ಕ. "ವೀರಗಲ್ಲಲ್ಲಿ ಸೌಟೇ? ಮೂಲೆ ಯಾಕಮ್ಮ, ಕುದುರೆಯನ್ನೇ ಕೊಡುತ್ತೇನೆ. ಹೋಗಿ ಬಾ."

ಕುದುರೆ ಕೊಟ್ಟ. ಕತ್ತಿ ಕೊಟ್ಟ. ತಿರುವಿದ ಮೀಸೆ ಕೊಟ್ಟ. ಮೇಲೆ ಚಾಮರ ಬೀಸುವ ಅಪ್ಸರೆಯರನ್ನೂ ಕೊಟ್ಟ.

ಅವಳು ಬಂದು ನೋಡಿದಳು. ಕಲ್ಲಿನ ಮೀಸೆಯನ್ನು ಬೆರಳಿಂದ ಮುಟ್ಟಿದಳು.

"ಚೆನ್ನಾಗಿದ್ದಾರೆ. ಯಾರಣ್ಣ ಇವರು?"

"ನಿನ್ನ ಯಜಮಾನ!"

ಅವಳು ಕಲ್ಲಿನಿಂದ ಕೈ ತೆಗೆದಳು. ಅಂದೇ ಹರಿಗೋಲು ಹತ್ತಿ ಹೊಳೆ ದಾಟಿದಳು.

ಸುದ್ದಿ ತಿಳಿದು ಬೈಚ ಉಳಿ ಕೆಳಗಿಟ್ಟ. ಆಚೆ ದಡಕ್ಕೆ ಅವಳನ್ನು ಹುಡುಕಿಕೊಂಡು ಹೋದ. ಯುದ್ಧಕ್ಕೆ ಹೆದರಿ ಊರು ಬಿಟ್ಟವರ ಗುಂಪುಗಳು ದಾರಿಯುದ್ದಕ್ಕೂ ಮರಳಿ ಬರುತ್ತಿದ್ದವು. ಯಾವ ಗುಂಪಿನಲ್ಲೂ ಅವಳಿರಲಿಲ್ಲ.

ಹಿಂದಿರುಗಿ ಗುರುಗಳ ಮುಂದೆ ಕೂತ.

"ಗುರುಗಳೇ, ತಪ್ಪಾಯಿತು."

ನಾಗೋಜರು ಹೊಸ ಕಲ್ಲೊಂದನ್ನು ಉರುಳಿಸಿ ಅವನ ಮುಂದಿಟ್ಟರು. ಉಳಿ ಕೈಗೆ ಕೊಟ್ಟರು.

"ಕೆತ್ತು."

"ಮುಖ ಹೇಗಿತ್ತೋ ತಿಳಿಯದು."

"ಹೆಸರು?"

"ಹೆಂಡತಿ ಗಂಡನ ಹೆಸರು ಹೇಳುವುದುಂಟೇ?"

"ದಂಡಿನಲ್ಲಿ ಅವನ ಗಂಜಿ ಕುಡಿದವರು ಇದ್ದರಲ್ಲ?"

"ಇದ್ದರು. ಈಗ ಅವರೂ ಚದುರಿ ಹೋದರು."

"ಅರಸನ ಕುದುರೆಯ ಬಾಲ ಹೇಗಿದೆಯೆಂದು ಯಾರನ್ನು ಕೇಳಿದ್ದೆ?"

ಬೈಚ ತಲೆ ತಗ್ಗಿಸಿದ. "ಹಗಲಿಡೀ ಲಾಯದಲ್ಲೇ ಕೂತು ನೋಡಿದ್ದೆ."

ನಾಗೋಜರು ಉಳಿಯನ್ನು ಹಿಂದಕ್ಕೆ ತೆಗೆದುಕೊಂಡರು.

"ಕಲ್ಲನ್ನು ಊರಬಾಗಿಲಲ್ಲಿ ನಿಲ್ಲಿಸು."

"ಬೋಳು ಕಲ್ಲನ್ನೇ?"

"ಬೋಳು ಕಲ್ಲನ್ನೇ."

"ಜನ ನಗುತ್ತಾರೆ, ಗುರುಗಳೇ."

"ನಗಲಿ."

"ಮುಂದೊಂದು ದಿನ ಯಾವುದೋ ಹುಡುಗ ಬಂದು, ಇದು ಯಾರ ಕಲ್ಲು ಅಂದರೆ?"

ಗುರುಗಳು ಧೂಳು ಕೊಡವಿಕೊಂಡು ಎದ್ದರು.

"ನಾನು ಕೇಳಲೇ ಇಲ್ಲ, ಅನ್ನು."