ರಾಜಾಜ್ಞೆ ನಲವತ್ತೊಂದು

ರಾಜರು ಕಿರೀಟ ಇಟ್ಟುಕೊಂಡೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಕಾಲ. ಸೋಮಗಿರಿಯ ಅರಮನೆಯಲ್ಲಿ ಇದ್ದವೆಲ್ಲ ಲಿನಕ್ಸ್ ಕಂಪ್ಯೂಟರುಗಳು. ಅವುಗಳಿಗೆ ಬೇಕಾದ ಪ್ರೋಗ್ರಾಮುಗಳನ್ನು ಪೊಟ್ಟಣ ಕಟ್ಟಿ, ಅರವತ್ತು ಊರಿನ ಕಚೇರಿಗಳಿಗೆ ಹಂಚುವುದು ಉಗ್ರಾಣದ ಹೊನ್ನಾಜಮ್ಮನ ಕೆಲಸ. ಬಾಗಿಲಲ್ಲಿ ಅವಳು ಕೇಳುತ್ತಿದ್ದದ್ದು ಎರಡೇ: ಹಂಚಲು ಅಪ್ಪಣೆ ಕೊಡುವ ಲೈಸೆನ್ಸ್ ಪತ್ರ, ಮತ್ತು ಆವೃತ್ತಿಯ ನಂಬರು.

ಒಂದು ದಿನ ಆಸ್ಥಾನ ಪಂಡಿತ ವಿದ್ಯಾಭರಣರು ಪಲ್ಲಕ್ಕಿಯಲ್ಲಿ ಬಂದಿಳಿದರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮುಹೂರ್ತ ಹೇಳುವ ಪ್ರೋಗ್ರಾಮು ಬರೆದಿದ್ದರು.

"ಮೂರು ಲೋಕ ಹುಡುಕಿದರೂ ಇಂಥದ್ದು ಸಿಗೋದಿಲ್ಲ. ಬೇಗ ಕಟ್ಟಿ ಕಳಿಸಮ್ಮ."

"ಲೈಸೆನ್ಸ್?"

"ಅದೆಂಥದ್ದು? ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬಯಲಲ್ಲೇ ಇಟ್ಟಿದ್ದೇನಲ್ಲ. ಬಯಲಲ್ಲಿ ಇಟ್ಟಿದ್ದಕ್ಕೆ ಅಪ್ಪಣೆ ಯಾಕೆ?"

"ಆವೃತ್ತಿ?"

"ಒಂದನೆಯದು."

"ಸೋಮವಾರ ಕೊಟ್ಟದ್ದೂ ಒಂದನೆಯದೇ, ಪಂಡಿತರೇ. ಅದರಲ್ಲಿ ಯುವರಾಜರ ಮದುವೆಗೆ ಶುಕ್ರವಾರ ಶ್ರೇಷ್ಠ ಅಂತಿತ್ತು. ಇದರಲ್ಲಿ ಶುಕ್ರವಾರ ಹೊಸಿಲು ದಾಟಿದರೂ ಕೇಡು ಅಂತಿದೆ."

"ಒಳಗೆ ಸ್ವಲ್ಪ ತಿದ್ದಿದೆ. ಅದಕ್ಕೆ ಹೊರಗಿನ ನಂಬರು ಯಾಕೆ ಮುಟ್ಟಬೇಕು? ನಂಬರು ಅದೇ ಇದ್ದರೆ ಸರಕೂ ಅದೇ."

"ಸರಿಯೇ. ಗಂಡಿನ ಕಡೆಯವರು ಒಂದು ದಿನ ಬರ್ತಾರೆ, ಹೆಣ್ಣಿನ ಕಡೆಯವರು ಇನ್ನೊಂದು ದಿನ. ಮದುವೆ ಮಾತ್ರ ಒಂದನೆಯದು."

ಪಂಡಿತರು ನೆಟ್ಟಗೆ ರಾಜನ ಹತ್ತಿರ ಹೋದರು. ಚಂದ್ರಶೌರ್ಯ ಮಹಾರಾಜನಿಗೆ ಪ್ರೋಗ್ರಾಮುಗಳ ಮೇಲೆ ಅಪಾರ ಪ್ರೀತಿ. ಅರ್ಥವಾಗದ ವಸ್ತುಗಳ ಮೇಲೆ ಅವನಿಗೆ ಯಾವಾಗಲೂ ಹಾಗೇ. ಸಂಜೆಯೊಳಗೆ ರಾಜಾಜ್ಞೆ ನಲವತ್ತೊಂದು ಬಂತು: ನಾಳೆ ಮಧ್ಯಾಹ್ನದೊಳಗೆ ಪಂಡಿತರ ಪ್ರೋಗ್ರಾಮು ಹಂಚದಿದ್ದರೆ ಹೊನ್ನಾಜಮ್ಮ ಕೀಲಿಕೈ ಒಪ್ಪಿಸಿ ಮನೆಗೆ ಹೋಗತಕ್ಕದ್ದು.

ಇಪ್ಪತ್ತು ವರ್ಷ ಸೊಂಟದಲ್ಲಿದ್ದ ಗೊಂಚಲನ್ನು ಹೊನ್ನಾಜಮ್ಮ ಮುಟ್ಟಿ ನೋಡಿಕೊಂಡಳು. ಹಂಚದಿದ್ದರೆ ಕೆಲಸ ಹೋಗುತ್ತದೆ. ಹಂಚಿದರೆ, 'ನನ್ನ ಅಪ್ಪಣೆ ಇಲ್ಲದೆ ಹಂಚಿದಳು' ಎಂದು ನಾಳೆ ಇದೇ ಪಂಡಿತರು ದೂರು ಕೊಟ್ಟಾರು. ಆಗಲೂ ಕೆಲಸ ಹೋಗುತ್ತದೆ. ಎರಡನ್ನೂ ತೂಗಿ ನೋಡಿ, ಕಂಪ್ಯೂಟರಿನಲ್ಲಿ ರಾಜಾಜ್ಞೆಗಳ ಕಡತ ತೆರೆದಳು. ಅದೂ ಅವಳ ಉಗ್ರಾಣದಲ್ಲೇ ಇರುತ್ತಿತ್ತು.

ಮರುದಿನ ಮಧ್ಯಾಹ್ನ ಸಭೆ ತುಂಬಿತ್ತು. ಪಂಡಿತರ ಪಲ್ಲಕ್ಕಿ ಸಭೆಯ ಬಾಗಿಲಿಗೇ ಬಂದು ನಿಂತಿತು. ಒಳಗೆ ರೇಷ್ಮೆ ದಿಂಬಿಗೆ ಒರಗಿಕೊಂಡು, ಎಲೆ ಅಡಿಕೆ ಮೆಲ್ಲುತ್ತ ಹೊನ್ನಾಜಮ್ಮ ಕೂತಿದ್ದಳು.

"ಅಯ್ಯಯ್ಯೋ, ನನ್ನ ಪಲ್ಲಕ್ಕಿ!" ಪಂಡಿತರು ಹಾರಿ ಬಿದ್ದರು. "ಯಾರ ಅಪ್ಪಣೆ ಕೇಳಿ ಹತ್ತಿದೆ?"

"ಬಯಲಲ್ಲಿತ್ತು. ಎಲ್ಲರ ಕಣ್ಣಿಗೂ ಬೀಳುವ ಹಾಗೆ."

"ನೋಡೋಕೆ ಇಟ್ಟಿದ್ದಮ್ಮ! ಹತ್ತಿ ಮೆರೆಯೋಕಲ್ಲ!"

"ಯಾವುದಕ್ಕೆ ಇಟ್ಟಿದ್ದೀರಿ ಅಂತ ಒಂದು ಚೀಟಿ ಬರೆದುಕೊಡಿ ಅಂತಲೇ ನಿನ್ನೆ ಕೇಳಿದ್ದು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ರಾಜ ಹುಬ್ಬು ಗಂಟಿಕ್ಕಿದ. "ಅದು ಹಾಗಿರಲಿ. ನನ್ನ ಆಜ್ಞೆ ಏನಾಯಿತು?"

"ಪಾಲಿಸೋಕೇ ಬಂದಿದ್ದೇನೆ ಪ್ರಭು. ಒಮ್ಮೆ ಓದಿಸಿ."

ಗುಮಾಸ್ತ ಕಂಪ್ಯೂಟರು ನೋಡಿ ಗಟ್ಟಿಯಾಗಿ ಓದಿದ: "ರಾಜಾಜ್ಞೆ ನಲವತ್ತೊಂದು. ಪಂಡಿತ ವಿದ್ಯಾಭರಣರು ಇಂದಿನಿಂದ ಆನೆಲಾಯದಲ್ಲಿ ಲದ್ದಿ ಎತ್ತತಕ್ಕದ್ದು."

"ಇದನ್ನು ನಾನು ಬರೆದಿಲ್ಲ!" ರಾಜ ಸಿಂಹಾಸನದಿಂದ ಎದ್ದೇಬಿಟ್ಟ.

"ನಂಬರು ಅದೇ ಪ್ರಭು. ಮುದ್ರೆಯೂ ಅದೇ. ಪಂಡಿತರ ಪ್ರೋಗ್ರಾಮಿನಲ್ಲಿ ಶುಕ್ರವಾರದ ಮದುವೆ ಶ್ರೇಷ್ಠ ಇದ್ದದ್ದು ಕೇಡಾದ ಹಾಗೆ, ಒಳಗೆ ಸ್ವಲ್ಪ ತಿದ್ದಿದೆ." ಹೊನ್ನಾಜಮ್ಮ ಪಂಡಿತರ ಕಡೆ ತಿರುಗಿದಳು. "ನಂಬರು ಅದೇ ಇದ್ದರೆ ಸರಕೂ ಅದೇ. ಅಲ್ಲವೇ ಪಂಡಿತರೇ?"

ಹೌದೆಂದರೆ ಲದ್ದಿ. ಅಲ್ಲವೆಂದರೆ ಮರ್ಯಾದೆ ಹೋಗುತ್ತದೆ. ಪಂಡಿತರು ಆನೆಲಾಯ ಇರುವ ದಿಕ್ಕಿಗೊಮ್ಮೆ ನೋಡಿದರು.

"ಅಲ್ಲ," ಎಂದರು ಮೆಲ್ಲಗೆ.

"ಜೋರಾಗಿ ಹೇಳಿ," ಎಂದ ರಾಜ. ಮಗನ ಲಗ್ನಪತ್ರಿಕೆಯಲ್ಲಿ ಯಾವ ವಾರ ಅಚ್ಚಾಗಿದೆ ಎಂಬುದು ಅವನಿಗೆ ಆಗಷ್ಟೇ ನೆನಪಾಗಿತ್ತು.

"ಅಲ್ಲ ಪ್ರಭು! ಎರಡೂ ಬೇರೆ ಬೇರೆ!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಡಿತರು ಅಲ್ಲೇ ಕೂತು ಲೈಸೆನ್ಸ್ ಪತ್ರ ಬರೆದರು, ಹೊಸ ಪ್ರೋಗ್ರಾಮಿಗೆ ಎರಡನೆಯದು ಎಂದು ನಂಬರು ಹಾಕಿದರು, ಆಮೇಲೆ ಪಲ್ಲಕ್ಕಿಯನ್ನು ಬಿಡಿಸಿಕೊಂಡರು.

ರಾಜ ಹೊನ್ನಾಜಮ್ಮನಿಗೆ ತನ್ನ ಶಾಲು ಹೊದಿಸಿದ. "ಕೀಲಿಕೈ ನಿನ್ನ ಹತ್ತಿರವೇ ಇರಲಿ. ತಾ ಇಲ್ಲಿ, ಆ ನಲವತ್ತೊಂದನ್ನು ನಾನೇ ಈಗ ತಿದ್ದಿಬಿಡುತ್ತೇನೆ."

ಹೊನ್ನಾಜಮ್ಮ ಕೀಲಿಮಣೆಯ ಮೇಲೆ ಕೈ ಅಡ್ಡ ಇಟ್ಟಳು.

"ಬೇಡ ಪ್ರಭು. ನಲವತ್ತೆರಡು ಬರೆಯಿರಿ."