ವರದಿಯಲ್ಲಿ ಮುಚ್ಚಿದ ಬಾವಿ

ಗಡಿಸೀಮೆಯ ಪಾಳುಬಾವಿಗೆ ಜಿಂಕೆಮರಿಯೊಂದು ಬಿದ್ದು ಸತ್ತ ಮೇಲೆ, ಬಾವಿಯನ್ನು ಕಲ್ಲು ತುಂಬಿ ಮುಚ್ಚಬೇಕೆಂದು ಆನೆರಾಜ ಆಜ್ಞೆ ಹೊರಡಿಸಿದ. ಆ ಸೀಮೆಗೆ ನರಿ ಅಧಿಕಾರಿಯಾಗಿತ್ತು. ರಾಜಧಾನಿಯಿಂದ ಗಡುವು ಬಂತು, ಕಲ್ಲು ಬರಲಿಲ್ಲ. ಗಡುವಿನ ದಿನ ನರಿಯು "ಬಾವಿಯನ್ನು ಮುಚ್ಚಲಾಗಿದೆ" ಎಂದು ವರದಿ ಕಳಿಸಿತು. ಬಾವಿಯ ಬಾಯಿ ಮರೆಯಾಗುವಂತೆ ಹುಲ್ಲು ಬೆಳೆಯಿತು.

ಮರುವರ್ಷ ಆಡೊಂದು ಕಚೇರಿಗೆ ಓಡಿಬಂತು. "ಸ್ವಾಮಿ, ನನ್ನ ಮರಿ ಬಾವಿಗೆ ಬಿದ್ದಿದೆ. ಇನ್ನೂ ಜೀವ ಇದೆ, ಹಗ್ಗ ಕಳಿಸಿ."

"ಅಲ್ಲಿ ಬಾವಿಯೇ ಇಲ್ಲವಲ್ಲ," ಎಂದಿತು ನರಿ.

ಆಡು ಅದನ್ನು ಕರೆದುಕೊಂಡು ಹೋಯಿತು. ನಡುಮಧ್ಯಾಹ್ನದ ಮೌನದಲ್ಲಿ ಹುಲ್ಲಿನ ಕೆಳಗಿನಿಂದ "ಅಮ್ಮಾ" ಎಂಬ ಕೂಗು ಕೇಳಿಸಿತು. ನರಿ ಹುಲ್ಲು ಸರಿಸಿ ಕೆಳಗೆ ಇಣುಕಿತು. ಆದರೆ ಹಗ್ಗ ತರಿಸಬೇಕಾದರೆ ರಾಜನಿಗೆ ಕಾರಣ ಬರೆಯಬೇಕಿತ್ತು.

"ಇಲ್ಲೇ ಇರು, ವ್ಯವಸ್ಥೆ ಮಾಡುತ್ತೇನೆ," ಎಂದು ಹೇಳಿ ಅದು ಹೊರಟಿತು.

ಸಂಜೆಗೆ ಕತ್ತೆಗಳ ಸಾಲು ಬಂತು. ಇಷ್ಟು ದಿನ ಸಿಗದಿದ್ದ ಕಲ್ಲು ಅವುಗಳ ಬೆನ್ನ ಮೇಲಿತ್ತು.

"ಹಗ್ಗ ಎಲ್ಲಣ್ಣ?" ಎಂದು ಆಡು ಕೇಳಿತು.

"ಹಗ್ಗದ ಮಾತೇ ಬರಲಿಲ್ಲ. ಬಾವಿ ಮುಚ್ಚಿ ಬನ್ನಿ ಎಂದಿದ್ದಾರೆ," ಎಂದಿತು ಹಿರಿಯ ಕತ್ತೆ.

"ಮರಿ ಕೂಗುತ್ತಿರುವುದು ನಿಮಗೆ ಕೇಳಿಸುತ್ತಿಲ್ಲವೇ?"

ಹಿರಿಯ ಕತ್ತೆ ಕಿವಿ ಮಡಚಿಕೊಂಡಿತು. "ಕೇಳಿಸುತ್ತದೆ ತಾಯಿ. ಆದರೆ ನಮ್ಮ ಕೈಗೆ ಕೊಟ್ಟಿರುವುದು ಕಲ್ಲು."

ಹೊತ್ತು ಮುಳುಗುವ ಮೊದಲು ನರಿಯ ವರದಿ ನಿಜವಾಯಿತು. ಕತ್ತೆಗಳು ತಿರುಗಿ ನೋಡದೆ ಹೊರಟುಹೋದವು. ಆಡು ಮಾತ್ರ ಕಲ್ಲಿಗೆ ಕಿವಿಯಿಟ್ಟು ಮಲಗಿ, ಕೆಳಗಿನಿಂದ ಬರುವ ಯಾವುದೋ ಪ್ರಶ್ನೆಗೆ, "ಇಲ್ಲೇ ಇದ್ದೀನಿ ಮಗನೇ, ಇಲ್ಲೇ ಇದ್ದೀನಿ," ಎಂದು ಮತ್ತೆ ಮತ್ತೆ ಉತ್ತರ ಕೊಡುತ್ತಿತ್ತು.