ಬೀಸಣಿಗೆ ಹಕ್ಕಿ ಯಾಕೆ ಒಂದು ಗಳಿಗೆ ನಿಲ್ಲಲ್ಲ

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ಸಿರಿ. ನೋಡು, ಹಕ್ಕಿಗಳಿಗೆ ಅಂತ ತಂದಿರೋ ಈ ಪಪ್ಪಾಯಿ ಮೇಲೆ ಕೈ ಇಟ್ಟು ಆಣೆ ಮಾಡ್ತೀನಿ.

ಬೆಳಗ್ಗೆಯಿಂದ ಕ್ಯಾಮೆರಾ ಹಿಡ್ಕೊಂಡು ಈ ಹಸಿರು ಪರದೆ ಮರೇಲಿ ಕೂತಿದೀಯ. ಪಿಕಳಾರ ಸಿಕ್ತು, ನವರಂಗ ಸಿಕ್ತು. ಬೀಸಣಿಗೆ ಹಕ್ಕೀದು ಮಾತ್ರ ಇನ್ನೂರು ಫೋಟೋ ತೆಗೆದ್ರೂ ಬರೀ ಎದುರಿಗಿರೋ ಖಾಲಿ ಮರದ ದಿಮ್ಮಿ. ಹತ್ತು ಗಂಟೆಗೆ ಈ ಜಾಗಕ್ಕೆ ಫೋಟೋ ತೆಗೆಯೋ ಬೇರೆಯೋರು ಬರ್ತಾರೆ, ನಾವು ಏಳ್ಬೇಕು. ಮುಖ ಊದಿಸ್ಕೊಂಡ್ರೆ ಹಕ್ಕಿ ನಿಲ್ಲುತ್ತಾ? ಯಾಕೆ ಹಿಂಗೆ ಅಂತ ಹೇಳ್ತೀನಿ ಕೇಳು.

"ಮೆಲ್ಲಗೆ ಹೇಳು ತಾತ. ಬರೋ ಹಕ್ಕೀನೂ ಹಾರೋಗುತ್ತೆ."

ಮೆಲ್ಲಗೇ ಹೇಳ್ತಿದೀನಲ್ಲ.

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟ ಮುಟ್ಟಿದ್ರೆ ಬೆರಳಚ್ಚು ಬೀಳೋದು. ಹಕ್ಕಿಗಳೆಲ್ಲ ಅಕ್ಕಿಹಿಟ್ಟಿನ ಥರ ಬೆಳ್ಳಗಿದ್ವು. ಬಣ್ಣ ಹಚ್ಚೋ ಕೆಲಸ ಮುಂಜಾವಮ್ಮಂದು. ಅವಳು ಕಾಡಿನ ಹೊಂಡಕ್ಕೆ ಹೇಳಿದ್ಲು, "ಒಬ್ಬೊಬ್ಬರದೂ ಚಿತ್ರ ಹಿಡಿದಿಡಪ್ಪ. ನೋಡ್ಕೊಂಡು ಬಣ್ಣ ಕಳಿಸ್ತೀನಿ. ಏಳನೇ ದಿನಕ್ಕೆ ಗಿಡುಗ ಎದ್ದೇಳ್ತಾನೆ. ಆಗಲೂ ಬೆಳ್ಳಗೇ ಇದ್ದೋರು ಅವನ ಹೊಟ್ಟೆಗೆ."

ಆಗಿನ ಹೊಂಡ ಈಗಿನ ಥರ ಅಲ್ಲ. ನೆರಳು ಬಿದ್ರೆ ಹಂಗೇ ಅಂಟ್ಕೊಂಡ್ಬಿಡೋದು. ಆದ್ರೆ ಅಷ್ಟಗಲ ಕಣ್ಣು ಬಿಟ್ಕೊಂಡಿದ್ರೆ ಯಾವ ಹಕ್ಕಿ ಹತ್ರ ಬರುತ್ತೆ? ಅದಕ್ಕೆ ಬಿದಿರು ಬಗ್ಗಿ ಮರೆ ಮಾಡ್ತು. ಅತ್ತಿಮರ ದಿಮ್ಮಿ ಮೇಲೆ ಹಣ್ಣು ಉದುರಿಸ್ತು.

ಬಂದ್ವು ನೋಡು ಹಕ್ಕಿಗಳು. ನವರಂಗ ಹಸೆಮಣೆ ಮೇಲಿನ ಮದುಮಗನ ಥರ ಅಲ್ಲಾಡ್ದೆ ಕೂತ, ಒಂಬತ್ತು ಬಣ್ಣ ಸಿಕ್ತು. ಪಿಕಳಾರ ಹಣ್ಣಿನ ಮೇಲೇ ಕೂತ, ಬಾಲದ ಬುಡ ಕೆಂಪಾಯ್ತು.

ಬೀಸಣಿಗೆ ಹಕ್ಕಿ ಹಣ್ಣಿಗಲ್ಲ, ಹಣ್ಣಿಗೆ ಮುತ್ತೋ ನೊಣಕ್ಕೆ ಬಂದ್ಲು.

"ಒಂದು ಗಳಿಗೆ ನಿಲ್ಲವ್ವ," ಅಂದ ಹೊಂಡಪ್ಪ.

"ನಿಂತೇ ಇದೀನಲ್ಲ."

"ಇದು ನಿಲ್ಲೋದಾ? ಬರೀ ಬಾಲ ಬಂತು."

"ತಡಿ, ನೊಣ ಹೋಯ್ತು."

ಎರಡನೇ ದಿನ ಬರೀ ಹುಬ್ಬು. ಮೂರನೇ ದಿನ ಖಾಲಿ ದಿಮ್ಮಿ. ನಾಲ್ಕು, ಐದು, ಆರು, ಅದೇ ದಿಮ್ಮಿ. ಗಾಳಿ ಬಿದಿರಲ್ಲಿ ಸೇರ್ಕೊಂಡು ಕಿಸಿಕಿಸಿ ನಗ್ತಿತ್ತು.

ಏಳನೇ ದಿನ ಮೇಲೆ ಗಿಡುಗ ಆಕಳಿಸ್ತಿದಾನೆ, ಕೆಳಗೆ ಇವಳು ಕುಣೀತಿದಾಳೆ. ಹೊಂಡಪ್ಪನಿಗೆ ರೇಗಿಹೋಯ್ತು. "ಸಾಯ್ತೀಯ ಕಣೇ, ನಿಲ್ಲೇ," ಅಂತ ಮೈ ಕೊಡವಿದ. ತಳದ ಕೆಸರೆಲ್ಲ ಎದ್ದು ರಪ್ಪಂತ ಅವಳ ಮೇಲೆ ಬಿತ್ತು, ಮೈಯೆಲ್ಲ ಕಂದಾಯ್ತು. ಹುಬ್ಬು, ಗಂಟಲು, ಎದೆ ಮೇಲೆ ನಾಕು ಚುಕ್ಕಿ, ಬಾಲದ ತುದಿ. ಬೆಳ್ಳಗೆ ಉಳಿದಿದ್ದು ಅಷ್ಟೇ. ಗಿಡುಗ ಬಂದ, ನೋಡಿದ, ಒಣಗಿದೆಲೆ ಅಂದ್ಕೊಂಡು ಹೋದ.

ಹೊಂಡ ಕದಡಿ ಅಷ್ಟೂ ಚಿತ್ರ ಅಳಿಸೋಯ್ತು. ಅವತ್ತಿಂದ ನೀರು ಯಾರ ನೆರಳನ್ನೂ ಇಟ್ಕೊಳಲ್ಲ. ಅವಳಿಗೋ, ಕುಣಿದಿದ್ದಕ್ಕೇ ಜೀವ ಉಳೀತು ಅನ್ನೋ ಜಂಬ. ಅದಕ್ಕೇ ಇವತ್ತಿಗೂ ದಿಮ್ಮಿ ಮೇಲೆ ಬೀಸಣಿಗೆ ಥರ ಬಾಲ ಬಿಚ್ಕೊಂಡು ಆ ಕಡೆ ಈ ಕಡೆ ತಿರುಗ್ತಾನೇ ಇರ್ತಾಳೆ. ಭೂಮಿ ಹುಟ್ಟಿದಾಗಿಂದ ಯಾರೊಬ್ಬರಿಗೂ ನಿಂತಿಲ್ಲ.

ಯಾಕೆ ಹಂಗೆ ನೋಡ್ತೀಯ? ಆ ಬಿದಿರಿನ ಹಿಂದೆ ನಾನೂ ಕೂತಿದ್ದೆ ಕಣೆ. ಅವಳದ್ದೊಂದು ಫೋಟೋ ತೆಗ್ದಿದೀನಿ. ಒಂದೊಂದು ಗರೀನೂ ಎಣಿಸ್ಬಹುದು, ಅಷ್ಟು ನಿಚ್ಚಳ.

ಸಿರಿ ಕ್ಯಾಮೆರಾ ಕೆಳಗಿಟ್ಲು.

"ಮೊದ್ಲು ಆ ಪಪ್ಪಾಯಿ ಮೇಲಿಂದ ಕೈ ತೆಗಿ ತಾತ. ಯಾರೊಬ್ಬರಿಗೂ ನಿಲ್ದೋಳು ನಿಂಗೆ ಹೆಂಗೆ ನಿಂತ್ಲು?"